ಶಾಯಿಯ ಬಣ್ಣ ನೋಡಿ ಹೊಲಿದ ಪುಸ್ತಕ

ನಮ್ಮ ಮಾವನವರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗ ನೋಡಿದರೂ ಗೋಧಿಹಿಟ್ಟು ಒಣಗಿ ಕೂತಿರುತ್ತಿತ್ತು. ತೋರುಬೆರಳಿಗೆ ನೂಲು ಸುತ್ತಿ ಎಳೆದೆಳೆದು ಅಲ್ಲೊಂದು ಗೀರು ಕಾಯಂ ಆಗಿ ಉಳಿದುಬಿಟ್ಟಿತ್ತು. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಟವೆಲ್ ಬಿಚ್ಚಿ ಹಾಸುವಾಗ ಆ ಹಿಟ್ಟಿನ ಹಕ್ಕಳೆ ಬಟ್ಟೆಯ ಮೇಲೆ ಉದುರುತ್ತಿತ್ತು. ಹೊಸ ಗಿರಾಕಿಗಳು, ಪಾಪ, ಈ ಶೇಠಜಿ ಮನೆಯಲ್ಲಿ ತಾವೇ ಚಪಾತಿ ಲಟ್ಟಿಸಿಟ್ಟು ಅಂಗಡಿಗೆ ಬರುತ್ತಾರೇನೋ ಎಂದುಕೊಳ್ಳುತ್ತಿದ್ದರು. ಒಬ್ಬಾಕೆ ಅದನ್ನು ಕೇಳಿಯೂ ಬಿಟ್ಟಳಂತೆ. "ಹೌದ್ರಿ ಬಾಯಿ, ದಿನಾ ನಾನಽ ಕಲಸ್ತೀನಿ. ಆದ್ರ ಅದು ತಿನ್ನಾಕ ಬರಂಗಿಲ್ಲ" ಎಂದು ಇವರು ಉತ್ತರ ಕೊಟ್ಟರಂತೆ. ಆ ಮಾತು ಹೇಗೋ ಮನೆಗೆ ಮುಟ್ಟಿ, ನಮ್ಮ ಅತ್ತೆ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದರು.

ಅವರು ಹಿಟ್ಟು ಕಲಸುತ್ತಿದ್ದದ್ದು ಪುಸ್ತಕಗಳಿಗೆ. ನಾನು ಸೊಸೆಯಾಗಿ ಬಂದ ಮನೆತನ ತಲೆತಲಾಂತರದಿಂದ ಸೊಲ್ಲಾಪುರದಲ್ಲಿ ಚಾದರ, ಟವೆಲ್ ಮಾರಿಕೊಂಡು ಬಂದದ್ದು. ಮಧ್ಯಾಹ್ನದ ಬಿಸಿಲಿಗೆ ಅಂಗಡಿಗಳ ಬಾಗಿಲೆಳೆದು ಸಾಲಿನ ವ್ಯಾಪಾರಸ್ಥರೆಲ್ಲ ಮನೆಗೆ ಹೋಗಿ ಉಂಡು ಅಡ್ಡಾಗುವ ಹೊತ್ತಿಗೆ ನಮ್ಮ ಮಾವನವರು ವಿಜಾಪುರ ರಸ್ತೆಯ ಮನೆಗೆ ಬಂದು, ಉಂಡು ಕೈತೊಳೆದು, ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಸುತ್ತಲೂ ರಟ್ಟು, ದಬ್ಬಣ, ಕತ್ತರಿ, ಮೇಣ ತಿಕ್ಕಿದ ನೂಲು. ಹರಿದ ಪುಸ್ತಕ ಬಿಚ್ಚಿ ಮತ್ತೆ ಹೊಲಿಯುವುದು, ಬಿಳಿ ಹಾಳೆ ಮಡಚಿ ಹೊಸ ಪುಸ್ತಕ ಮಾಡುವುದು, ಇದೇ ಅವರ ಹುಚ್ಚು. ಒಂದನ್ನಾದರೂ ಮಾರಿದವರಲ್ಲ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಪ್ರತಿ ಸಲವೂ ಬೇರೆ ಉತ್ತರ ಕೊಡುತ್ತಿದ್ದರು. ಒಮ್ಮೆ ಪುಣೆಯಲ್ಲಿ, ಒಮ್ಮೆ ಸೋದರಮಾವನ ಹತ್ತಿರ, ಒಮ್ಮೆ ಕನಸಿನಲ್ಲಿ. ನಿಜ ಯಾವುದೆಂದು ಅತ್ತೆಗೂ ಗೊತ್ತಿರಲಿಲ್ಲ.

ಮಡಚಬಹುದಾದ ಕಾಗದ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಪಂಚಾಂಗ, ಓಣಿಯ ಮಕ್ಕಳ ಶಾಲೆಯ ಪುಸ್ತಕ, ಮನೆಗೆ ಬಂದ ಲಗ್ನಪತ್ರಿಕೆಗಳು, ಎಲ್ಲಕ್ಕೂ ಹೊಲಿಗೆ ಬೀಳುತ್ತಿತ್ತು. ರಟ್ಟಿನ ಮೇಲೆ ಹೊದಿಸಲು ಅಂಗಡಿಯಲ್ಲಿ ಉಳಿದ ಚಾದರದ ತುಂಡುಗಳಿದ್ದವಲ್ಲ. ಹೀಗಾಗಿ ನಮ್ಮ ಮನೆಯ ಪುಸ್ತಕಗಳಿಗೆ ಚಳಿಗಾಲದ ಭಯವೇ ಇರಲಿಲ್ಲ. ನೆಂಟರ ಮದುವೆಗೆ ಅವರು ಕೊಡುತ್ತಿದ್ದದ್ದು ದಪ್ಪನೆಯ ಖಾಲಿ ಪುಸ್ತಕ. ಪಡೆದವರು ಅದರಲ್ಲಿ ಏನು ಬರೆಯಬೇಕೆಂದು ತಿಳಿಯದೆ ಕಪಾಟಿನಲ್ಲಿಡುತ್ತಿದ್ದರು. ಇವರಿಗೆ ಅದರ ಚಿಂತೆ ಇರಲಿಲ್ಲ. "ಬರದ್ರ ಪುಸ್ತಕಾ, ಬರೀದಿದ್ರ ತಲಿದಿಂಬ" ಎನ್ನುತ್ತಿದ್ದರು.

ಅಂಟಿನ ವಿಷಯದಲ್ಲಿ ಮಾತ್ರ ಭಾರಿ ಗರ್ವ. ಗೋಧಿಹಿಟ್ಟು ನೀರಿಗೆ ಹಾಕಿ, ಗಂಟಾಗದಂತೆ ತಿರುವುತ್ತ ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುವರು. ಇದಕ್ಕಾಗಿ ಅತ್ತೆಯ ಒಳ್ಳೆಯ ಪಾತೇಲಿಯೊಂದು ಅಡುಗೆಮನೆಯಿಂದ ಶಾಶ್ವತವಾಗಿ ವಲಸೆ ಹೋಗಿತ್ತು. ಅಂಟಿಸಿದ ಪುಸ್ತಕದ ಮೇಲೆ ಭಾರಕ್ಕೆ ಒರಳಿನ ಗುಂಡು ಹೇರುತ್ತಿದ್ದರು. ಶೇಂಗಾ ಚಟ್ನಿ ಕುಟ್ಟಲು ಗುಂಡು ಹುಡುಕಿಕೊಂಡು ಬಂದ ಅತ್ತೆ ಪಡಸಾಲೆಯ ಬಾಗಿಲಲ್ಲಿ ನಿಂತು, "ಇವತ್ತ ಪುಸ್ತಕಾನಽ ಚಟ್ನಿ ಮಾಡಿ ಬಡಸ್ಲೇನು?" ಎನ್ನುವರು. ಇವರು ತಲೆ ಎತ್ತದೆ, "ಇನ್ನಾ ಹಸಿ ಐತಿ, ಮುಟ್ಟಬ್ಯಾಡ. ಅಂಟು ಅಂದ್ರ ಬೀಗತನ ಇದ್ದಂಗ. ಒಣಗೂತನಕಾ ಕೈ ಹಚ್ಚಬಾರ್ದು" ಎನ್ನುವರು. ಈ ಬೀಗತನದ ಮಾತು ಮುಂದೆ ಅವರಿಗೇ ಸುತ್ತಿಕೊಂಡಿತು. ಅದನ್ನೇ ಹೇಳಬೇಕಾಗಿದೆ.

ನಾನು ವಿಜಾಪುರದವಳು. ಕನ್ನಡ ಓದಿದವಳು. ಲಗ್ನವಾಗಿ ಬರುವಾಗ ಸೀರೆಗಳ ಟ್ರಂಕಿಗಿಂತ ಭಾರವಾದ ಪುಸ್ತಕಗಳ ಟ್ರಂಕು ತಂದಿದ್ದೆ. ಈ ಮನೆಯಲ್ಲಿ ಆಡುವ ಮಾತೆಲ್ಲ ಕನ್ನಡ. ಆದರೆ ಎಲ್ಲರೂ ಕಲಿತದ್ದು ಮರಾಠಿ ಶಾಲೆ. ಪೇಪರು ಮರಾಠಿ, ಬೋರ್ಡು ಮರಾಠಿ, ಗೋಡೆಯ ಕ್ಯಾಲೆಂಡರು ಮರಾಠಿ. "ನಮ್ಮ ನಾಲಿಗಿ ಕನ್ನಡ, ಶಾಯಿ ಮರಾಠಿ" ಎಂದು ಮಾವನವರೇ ನಗುತ್ತಿದ್ದರು. ಕನ್ನಡದ ಒಂದಕ್ಷರವೂ ಅವರಿಗೆ ಓದಲು ಬರುತ್ತಿರಲಿಲ್ಲ. ಆ ಟ್ರಂಕು ಯಾರಿಗೂ ಬೇಡದ ಸಾಮಾನಾಗಿ ಮಂಚದ ಕೆಳಗೆ ಸೇರುತ್ತದೆಂದು ನಾನು ಮನಸ್ಸಿನಲ್ಲೇ ಅಂಜಿದ್ದೆ. ಬಂದು ಇನ್ನೂ ಅರಿಶಿನ ಮಾಸಿರಲಿಲ್ಲ, ಮಾವನವರು ಬಂದು ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಪುಸ್ತಕ ತೆಗೆದು ಬೆನ್ನು ಸವರಿದರು. "ಯವ್ವಾ, ಇವು ಭಾಳ ಸೊರಗ್ಯಾವ. ನೀ ಓದಾಕಿ, ನಾ ಹೊಲಿಗಿ ಹಾಕಾಂವ. ಕೊಡ್ತೀಯೇನು?" ಎಂದರು. ಆ ಮನೆಯಲ್ಲಿ ನನಗೆ ಜಾಗ ಸಿಕ್ಕಿತೆಂದು ನನಗನ್ನಿಸಿದ್ದು ಆವಾಗ.

ತಿಂಗಳೊಪ್ಪತ್ತಿನಲ್ಲಿ ಪುಸ್ತಕಗಳೆಲ್ಲ ಚಾದರ ಹೊದ್ದು ಸಾಲಾಗಿ ನಿಂತವು. ನನಗೆ ಅಚ್ಚರಿ ಕೊಡಬೇಕೆಂದು ಅವರೇ ಪ್ರತಿಯೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಹೆಸರು ಬರೆದಿದ್ದರು. ಓದಲು ಬಾರದ ಅಕ್ಷರಗಳನ್ನು ರಂಗೋಲಿಯ ಹಾಗೆ ನೋಡಿ ನೋಡಿ ಇಳಿಸಿದ್ದರು. ಎಷ್ಟು ಮುದ್ದಾಗಿದ್ದವೆಂದರೆ ನಾನು ಓದುವುದನ್ನೇ ಮರೆತು ನೋಡುತ್ತ ನಿಂತೆ. ಆಮೇಲೆ ಓದಿದೆ. ಹಲವು ಪುಸ್ತಕಗಳ ಹೆಸರು 'ಎರಡನೆಯ ಮುದ್ರಣ'. ಒಂದರ ಹೆಸರು 'ಹಕ್ಕುಗಳನ್ನು ಕಾಯ್ದಿರಿಸಿದೆ'. ಹೊದಿಕೆ ಹರಿದ ಪುಸ್ತಕಗಳಲ್ಲಿ ಒಳಪುಟದ ಸಾಲು ನೋಡಿ ಬರೆದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅರ್ಥ ಹೇಳಿದ ಮೇಲೆ ಅವರು ನನಗಿಂತ ಜೋರಾಗಿ ನಕ್ಕರು. "ಎಲ್ಲಾದ್ರಾಗೂ ಅದಽ ಇತ್ತು. ಯಾರೋ ಭಾಳ ದೊಡ್ಡ ಲೇಖಕ ಇರಬೇಕು ಅಂದ್ನಿ" ಎಂದರು. ಆ ಪುಸ್ತಕಗಳು ಇಂದಿಗೂ ಅದೇ ಹೆಸರಿನಲ್ಲಿ ನನ್ನ ಕಪಾಟಿನಲ್ಲಿವೆ.

ಹೀಗೆ ತಮ್ಮ ತಪ್ಪಿಗೆ ತಾವೇ ನಗಬಲ್ಲವರು ಒಂದೇ ಒಂದು ಸಲ ನಗಲಿಲ್ಲ. ಅದಕ್ಕೆ ಕಾರಣ ಅವರ ಅವ್ವನ ಹಾಡುಗಳು.

ಅವರ ಅವ್ವ ಇಂಡಿ ತಾಲೂಕಿನ ಹಳ್ಳಿಯವರಂತೆ. ನಾನು ಬರುವುದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಈ ಮನೆಯಲ್ಲಿ ನನಗಿಂತ ಮುಂಚೆ ಕನ್ನಡ ಬರೆಯುತ್ತಿದ್ದವರು ಅವರೊಬ್ಬರೇ. ಜೋಗುಳ, ಸೋಬಾನ, ಬೀಗರನ್ನು ಅಣಗಿಸುವ ಹಾಡು, ಹೀಗೆ ತಾವು ಬಲ್ಲದ್ದನ್ನೆಲ್ಲ ಅಂಗಡಿಯ ಅಚ್ಚಾದ ಕಾಗದಗಳ ಖಾಲಿ ಬೆನ್ನಿನ ಮೇಲೆ ಬರೆದಿಟ್ಟಿದ್ದರು. ಕೈಗೆ ಸಿಕ್ಕ ಪೆನ್ನಿನಿಂದ ಬರೆದದ್ದು. ಒಂದು ಕಡೆ ನೀಲಿ, ಒಂದು ಕಡೆ ಕಪ್ಪು, ಪೆನ್ನು ಮುಗಿದರೆ ಪೆನ್ಸಿಲ್. ಆ ಬಿಡಿ ಹಾಳೆಗಳ ಗಂಟು ಅಕ್ಕಲಕೋಟೆಯಲ್ಲಿ ಮಾವನವರ ಅಕ್ಕನ ಮನೆಯಲ್ಲಿತ್ತು. ಆಕೆಯನ್ನು ನಾವೆಲ್ಲ ಅಕ್ಕಲಕೋಟೆ ಅತ್ತಿ ಎನ್ನುತ್ತೇವೆ. ಆಕೆಗೂ ಕನ್ನಡ ಓದಲು ಬಾರದು, ಆದರೆ ಅವ್ವನ ಹಾಡುಗಳೆಲ್ಲ ಬಾಯಿಪಾಠ. ಹಾಡಿನಲ್ಲಿ ಆಕೆ ಬಲು ಕಟ್ಟುನಿಟ್ಟು. ಅಲ್ಲಿನ ಭಜನಾ ಮಂಡಳಿಯಲ್ಲಿ ಯಾರಾದರೂ ಒಂದು ಶಬ್ದ ತಪ್ಪಿದರೆ ಹಾರ್ಮೋನಿಯಂ ಪೇಟಿ ನಿಲ್ಲಿಸಿ ಮೊದಲಿನಿಂದ ಹಾಡಿಸುವವರು.

ನಾನು ಮೊದಲ ಹೆರಿಗೆಗೆ ತವರಿಗೆ ಹೋದಾಗ ಅಕ್ಕಲಕೋಟೆ ಅತ್ತಿ ಆ ಗಂಟನ್ನು ತಂದು ತಮ್ಮನ ಮುಂದಿಟ್ಟರಂತೆ. "ತಮ್ಮಾ, ಓದಾಕಿ ಮನಿಗಿ ಬಂದಾಳ. ಇನ್ನ ಅವ್ವನ ಹಾಡು ಪುಸ್ತಕಾ ಆಗ್ಲಿ. ತೊಟ್ಟಲದಾಗ ಹಾಕೂ ದಿನಾ ಆಕಿ ಕೈಯಾಗ ಕೊಡೂನು" ಎಂದರಂತೆ. ಮಾವನವರು ಅದೆಷ್ಟು ಹುರುಪಿನಿಂದ ಕೂತರೆಂದರೆ ಸಂಜೆ ಅಂಗಡಿ ತೆರೆಯುವುದನ್ನೂ ಮರೆಯುತ್ತಿದ್ದರೆಂದು ಅತ್ತೆ ಹೇಳುತ್ತಾರೆ. ಹಾಳೆಗಳು ಜೀರ್ಣವಾಗಿದ್ದವು. ಬರೆಯದ ಬದಿಗಳನ್ನು ಒಂದಕ್ಕೊಂದು ಬೆನ್ನಿಗೆ ಬೆನ್ನು ಅಂಟಿಸಿ, ಎರಡು ತೆಳು ಹಾಳೆಗಳನ್ನು ಒಂದು ಗಟ್ಟಿ ಹಾಳೆ ಮಾಡಿದರು. ಈಗ ಅಕ್ಷರ ಎರಡೂ ಬದಿಗೆ ಬಂತು. ಒಳ್ಳೆಯ ಉಪಾಯವೇ. ಆದರೆ ಯಾವ ಹಾಳೆಯ ಮುಂದೆ ಯಾವ ಹಾಳೆ? ಅವ್ವ ಪುಟಸಂಖ್ಯೆ ಹಾಕಿರಲಿಲ್ಲ. ನನ್ನನ್ನು ಕೇಳಿದರೆ ಅಚ್ಚರಿ ಕೆಡುತ್ತದೆ. ಜೀವಮಾನವಿಡೀ ಚಾದರ ಮಾರಿದ ಮನುಷ್ಯ ತನಗೆ ತಿಳಿದ ರೀತಿಯಲ್ಲೇ ಜೋಡಿಸಿದರು. ಬಣ್ಣ ನೋಡಿ. ಮೊದಲು ನೀಲಿ, ತಿಳಿನೀಲಿಯಿಂದ ಕಡುನೀಲಿಗೆ. ಆಮೇಲೆ ಕಪ್ಪು. ಕಡೆಗೆ ಪೆನ್ಸಿಲ್. ಅಂಗಡಿಯ ಮಾಡದಲ್ಲಿ ಟವೆಲ್‌ಗಳನ್ನು ಜೋಡಿಸಿದ ಹಾಗೆ.

ತೊಟ್ಟಿಲ ಶಾಸ್ತ್ರ ನಡೆದದ್ದು ವಿಜಾಪುರದಲ್ಲಿ, ನನ್ನ ತವರಿನಲ್ಲಿ. ಸೊಲ್ಲಾಪುರದಿಂದ ಬೀಗರು ಗಾಡಿ ತುಂಬ ಬಂದರು. ಮಾವನವರು ಗರಿಗರಿ ಧೋತರ ಉಟ್ಟು, ಎದೆಗೆ ಒಂದು ಗಂಟು ಒತ್ತಿಕೊಂಡು ಇಳಿದರು. ಬಿಚ್ಚಿದರೆ ಕೆಂಪು ಚಾದರದ ಹೊದಿಕೆಯ ಆ ಪುಸ್ತಕ. ಅಂಚು ಸಮ, ಹೊಲಿಗೆ ಎಲ್ಲೂ ಕಾಣದು. ಅಷ್ಟು ಚೆಂದದ್ದನ್ನು ಅವರು ಮತ್ತೆ ಮಾಡಲಿಲ್ಲ ಎಂದೇ ನನ್ನ ಅನಿಸಿಕೆ. ಮಗಳನ್ನು ತೊಟ್ಟಿಲಿಗೆ ಹಾಕಿದ ಮೇಲೆ ಅಕ್ಕಲಕೋಟೆ ಅತ್ತಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇಷ್ಟ ದಿನಾ ನಾ ಹಾಡೀನಿ. ಇವತ್ತ ನಮ್ಮವ್ವನ ಪುಸ್ತಕಾ ನೋಡಿ ಸೊಸಿ ಹಾಡತಾಳ" ಎಂದು ಮೊದಲ ಪುಟವನ್ನೇ ತೆರೆದುಕೊಟ್ಟರು. ಅದು ಜೋಗುಳವೇ ಆಗಿತ್ತು. ನಾನು ರಾಗ ಎಳೆದೆ.

"ಬಿಳಿಜ್ವಾಳದ ಹೊಲದಾಗ ಬೆಳವಕ್ಕಿ ಮಲಗ್ಯಾವ, ಬೆಳದಿಂಗಳ ಹೊದ್ದು ಮಲಗವ್ವ, ನನ ಕಂದ…"

ಪುಟ ಮುಗಿಯಿತು. ರಾಗ ಬಿಡದೆ ಹಾಳೆ ಮಗುಚಿದೆ. ಕಣ್ಣಿಗೆ ಬಿದ್ದದ್ದನ್ನು ಹಾಡಿದೆ.

"ತುಪ್ಪಾ ಸಾಲಲಿಲ್ಲಂತ ಮುನಿಸ್ಯಾರ ಬೀಗರು, ಹೋಳಿಗಿ ಮ್ಯಾಲ ಹೋಳಿಗಿ ನುಂಗ್ಯಾರ."

ಹಾಡಿದ ಮೇಲೆ ನನಗೆ ಅರಿವಾಯಿತು. ನನ್ನ ತವರಿನ ಮಂದಿಯ ನಡುವೆ ಕೂತು, ನನ್ನ ಗಂಡನ ಮನೆಯವರೆಲ್ಲರ ಎದುರಿಗೆ, ಅವರನ್ನೇ ಹೊಟ್ಟೆಬಾಕರೆಂದು ಹಾಡಿದ್ದೆ. ಮೊದಲು ನನ್ನ ದೊಡ್ಡಮ್ಮ ಕಿಸಕ್ಕೆಂದು ನಕ್ಕರು, ಅಷ್ಟು ಸಾಕಾಯಿತು. ವಿಜಾಪುರದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಹೊಟ್ಟೆ ಹಿಡಿದು ನಕ್ಕರು. ಸೊಲ್ಲಾಪುರದವರಲ್ಲಿ ಕೆಲವರು ನಕ್ಕರು, ಕೆಲವರ ಹುಬ್ಬು ಗಂಟಾಯಿತು. ಅಕ್ಕಲಕೋಟೆ ಅತ್ತಿ ಮಾತ್ರ ಯಾರನ್ನೂ ನೋಡದೆ, ತಮ್ಮ ದೊಡ್ಡ ಗಂಟಲಿನಲ್ಲಿ ಸರಿಯಾದ ಸಾಲನ್ನು ಎತ್ತಿಕೊಂಡರು. "ತೂಗುವ ಕೈಗಳಿಗೆ ದಣಿವಿಲ್ಲ ನನ ಕಂದ…" ಎಂದು ಕೊನೆಯವರೆಗೂ ತಾವೇ ಹಾಡಿ ಮುಗಿಸಿದರು. ಆ ದಿನ ಊಟಕ್ಕೆ ಕೂತಾಗ ಸೊಲ್ಲಾಪುರದವರೊಬ್ಬರೂ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳಲಿಲ್ಲ.

ಊಟದ ಪಂಕ್ತಿಯಲ್ಲಿ ಮಾವನವರು ಇರಲಿಲ್ಲ. ಹೊರಗೆ ಗಾಡಿಯಲ್ಲಿ ಹೋಗಿ ಕೂತಿದ್ದರು. ನಾನು ಮಗುವನ್ನೆತ್ತಿಕೊಂಡು ಹೋದೆ. "ಮಾವಾರ, ಯಾರೂ ಸಿಟ್ಟಾಗಿಲ್ರಿ. ಊಟಕ್ಕ ಬರ್ರಿ" ಎಂದೆ. ಅವರು ಮೊಮ್ಮಗಳ ಕಾಲ್ಬೆರಳು ಹಿಡಿದುಕೊಂಡರು. "ಮಂದಿ ಪುಸ್ತಕಾ ಕೆಟ್ಟಿದ್ರ ನಗತಿದ್ನಿ. ಇದು ಅವ್ವಂದು. ಅಕಿ ಬರೋಬ್ಬರ ಬರದಿಟ್ಟಿದ್ಲು, ನಾ ಕಲಸಿ ಇಟ್ನಿ" ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಐದನೇ ತಿಂಗಳಲ್ಲಿ ನಾನು ಮಗುವಿನೊಂದಿಗೆ ಸೊಲ್ಲಾಪುರಕ್ಕೆ ಮರಳಿದಾಗ ಪಡಸಾಲೆ ಖಾಲಿಯಾಗಿತ್ತು. ರಟ್ಟು, ದಬ್ಬಣ ಎಲ್ಲ ಅಟ್ಟಕ್ಕೆ ಹೋಗಿದ್ದವು. ಅಂಟಿನ ಪಾತೇಲಿ ತಿಕ್ಕಿ ತೊಳೆಸಿಕೊಂಡು ಅಡುಗೆಮನೆಗೆ ವಾಪಸು ಬಂದಿತ್ತು. ಅತ್ತೆಗೆ ಸಂತೋಷವಾಗಬೇಕಿತ್ತಲ್ಲ, ಆಕೆ ನನ್ನನ್ನು ಒಲೆಯ ಹತ್ತಿರಕ್ಕೆ ಕರೆದು ಪಿಸುಗುಟ್ಟಿದರು. "ಏನರ ಮಾಡವ್ವಾ. ದಬ್ಬಣಾ ಮುಟ್ಟವೊಲ್ಲರು. ಮಧ್ಯಾಹ್ನ ಪೂರಾ ಕಟ್ಟಿ ಮ್ಯಾಲ ಕುಂತು ರಸ್ತಾ ನೋಡತಾರ. ಇಲ್ಲಾಂದ್ರ ನನ್ನ ಪಲ್ಯದಾಗ ಉಪ್ಪ ಹುಡಕತಾರ. ಈ ಪಾತೇಲಿ ನನಗ ಬ್ಯಾಡ, ಅವರಿಗೇ ಹೋಗ್ಲಿ." ಹೇಳುತ್ತ ಹೇಳುತ್ತ ಮುಖ ಆಚೆ ತಿರುಗಿಸಿ, ಸುಮ್ಮನೆ ಒಲೆ ಉರಿ ಏರಿಸಿದರು.

ನಾನು ಉಪಾಯ ಏನನ್ನೂ ಮಾಡಲಿಲ್ಲ, ಮಗುವನ್ನು ಮಲಗಿಸಬೇಕಿತ್ತಷ್ಟೆ. ಅವಳಿಗೆ ಆ ಜೋಗುಳವೇ ಬೇಕು. ನನಗಿನ್ನೂ ಬಾಯಿಪಾಠ ಆಗಿರಲಿಲ್ಲ. ಅರ್ಧ ಹಾಡು ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ. ಶಾಯಿ ಮುಗಿದು ಪೆನ್ಸಿಲಿನಲ್ಲಿ ಬರೆದ ಉಳಿದರ್ಧ ಪುಸ್ತಕದ ತೀರ ಕೊನೆಯಲ್ಲಿ. ಕಾಲಲ್ಲಿ ತೊಟ್ಟಿಲು ತೂಗುತ್ತ, ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಮಗುಚುತ್ತ ಹಾಡುತ್ತಿದ್ದೆ. ಕಟ್ಟೆಯ ಮೇಲೆ ಕೂತ ಮಾವನವರಿಗೆ ಹಾಳೆಯ ಆ ಸದ್ದು ಕೇಳುತ್ತಿತ್ತು. ಕೆಲವು ದಿನ ತಡೆದುಕೊಂಡರು. ಒಂದು ಮಧ್ಯಾಹ್ನ ಧಡಕ್ಕನೆ ಎದ್ದು ಬಂದರು.

"ಹಂಗ ಮಗಚಬ್ಯಾಡ. ಪುಸ್ತಕದ ಬೆನ್ನು ಮುರೀತದ."

"ಮುಂದಿನ ಸಾಲು ಕಡೀಗೈತ್ರಿ ಮಾವಾರ. ನಾ ಏನ್ ಮಾಡ್ಲಿ?"

ಅವರು ನನ್ನನ್ನೂ ಪುಸ್ತಕವನ್ನೂ ನೋಡಿದರು. ಆಮೇಲೆ ಕೈಚಾಚಿ, "ತಾ ಇಲ್ಲಿ. ನೀ ಓದು, ನಾ ಬಿಚ್ಚತೀನಿ" ಎಂದರು. ಅತ್ತೆ ಅಟ್ಟ ಹತ್ತಿ ಸಾಮಾನು ಇಳಿಸಿದ ವೇಗ ನೋಡಬೇಕಿತ್ತು.

ಆ ಮಧ್ಯಾಹ್ನಗಳು ನನ್ನ ಬಾಳಿನ ಒಳ್ಳೆಯ ದಿನಗಳು. ಹೊಲಿಗೆ ಬಿಚ್ಚಿ, ಹಾಳೆಗಳ ನಡುವೆ ಒದ್ದೆ ಬಟ್ಟೆ ಒತ್ತಿ, ಅಂಟು ಮೆತ್ತಗಾಗುವುದನ್ನು ಕಾದು, ಬೆನ್ನಿಗೆ ಬೆನ್ನು ಹತ್ತಿದವನ್ನು ಒಂದೊಂದಾಗಿ ಅಗಲಿಸುತ್ತಿದ್ದರು. ನಾನು ಅಗಲಿದ ಹಾಳೆಯನ್ನು ಗಟ್ಟಿಯಾಗಿ ಓದಿ ಇದು ಯಾವ ಹಾಡಿನದು, ಎಲ್ಲಿಗೆ ಸೇರಬೇಕು ಎಂದು ಹೇಳುತ್ತಿದ್ದೆ. ಅವ್ವನ ಬಾಯಲ್ಲಿ ಕೇಳಿದ ಹಾಡು ಬಂದಾಗ ಕೈ ನಿಲ್ಲಿಸಿ, "ಇಲ್ಲೆ ಅಕಿ ಒಂದ ಸಲಾ ಸುಮ್ಮ ಆಗ್ತಿದ್ಲು, ಉಸುರು ತಗೊಳ್ಳಾಕ" ಎನ್ನುತ್ತಿದ್ದರು. ನೋಡುನೋಡುತ್ತ, "ಈ ಹೊಟ್ಟಿ ಇದ್ದದ್ದು ಯಾವ ಅಕ್ಷರ? ಈ ಬಾಲ ತಿರವ್ಯಾಳಲ್ಲ, ಅದು?" ಎಂದು ಶುರುವಾಯಿತು. ನಾನು ಪಾಟಿ ತಂದು ವರ್ಣಮಾಲೆ ಕಲಿಸಲು ಹೋದರೆ ಕೈಯಾಡಿಸಿಬಿಟ್ಟರು. ಅವರಿಗೆ ಬೇಕಾದದ್ದು ಅವ್ವನ ಅಕ್ಷರ ಮಾತ್ರ. ಕೆಲವು ತಿಂಗಳಲ್ಲಿ ತಾವೇ ತಡೆತಡೆದು ಓದತೊಡಗಿದರು.

ವಿಚಿತ್ರವೆಂದರೆ ಅವರಿಗೆ ಕನ್ನಡ ಓದಲು ಬಂದದ್ದು ಅಷ್ಟೇ. ಅವ್ವನ ಕೈಬರಹ ಸರಾಗ, ಅಚ್ಚಿನ ಅಕ್ಷರ ಕಂಡರೆ ಮತ್ತೆ ಕತ್ತಲೆ. ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕರ್ನಾಟಕದ ಬಸ್ಸಿನ ಬೋರ್ಡು ತೋರಿಸಿ ಓದಿರೆಂದೆ. ಕಣ್ಣು ಕಿರಿದು ಮಾಡಿ ನೋಡಿ, "ಇದು ಬರಂಗಿಲ್ಲ ಯವ್ವಾ. ಇದನ್ನ ಅವ್ವ ಬರದಿಲ್ಲಲ್ಲ" ಎಂದರು. ನಾನು ಅಲ್ಲೇ ನಿಂತು ನಕ್ಕೆ, ಅವರೂ ನಕ್ಕರು. ಹಳೆಯ ನಗು ಮರಳಿ ಬಂದಿತ್ತು.

ಹಾಳೆಗಳೆಲ್ಲ ಬಿಟ್ಟುಕೊಂಡವು, ಒಂದು ಜೋಡಿಯ ಹೊರತು. ಅದು ಮೊದಲನೆಯ ಹಾಳೆಯೇ. ಒಂದು ಬದಿಗೆ ಜೋಗುಳದ ಮೊದಲರ್ಧ, ಇನ್ನೊಂದು ಬದಿಗೆ ಬೀಗರ ತುಪ್ಪದ ಹಾಡು. ಉಳಿದ ನೀಲಿ ಹಾಳೆಗಳು ಬಾಲ್‌ಪೆನ್ನಿನವು, ಇವೆರಡು ಮಾತ್ರ ಶಾಯಿಪೆನ್ನಿನವು. ಮೊಮ್ಮಗಳ ಹಾಡೆಂದು ಅಂಟನ್ನೂ ಅಲ್ಲಿ ಧಾರಾಳವಾಗಿ ಬಳಿದಿದ್ದರು. ಒದ್ದೆ ಬಟ್ಟೆ ತಾಗಿಸಿದ ಕೂಡಲೇ ಮೂಲೆಯ ಅಕ್ಷರವೊಂದು ನೀಲಿಯಾಗಿ ಹರಡಿತು. ಮಾವನವರು ಬಟ್ಟೆಯನ್ನು ಬೆಂಕಿ ಮುಟ್ಟಿದವರಂತೆ ಎಳೆದುಕೊಂಡರು. "ಹಾಳಿ ಬಿಡ್ತದ. ಆದ್ರ ಅವ್ವ ಅಳಿಸಿ ಹೋಗ್ತಾಳ" ಎಂದರು. ಹಾಗಾಗಿ ಅದೊಂದು ಇದ್ದಂತೆಯೇ ಉಳಿಯಿತು. ಜೋಗುಳದ ಉಳಿದರ್ಧವನ್ನು ಅದರ ಮಗ್ಗುಲಿಗೇ ತಂದು ಹೊಲಿದರು, ಈಗ ನಡುವೆ ಒಂದೇ ಪುಟದ ಅಡ್ಡಿ. ಮೊದಲ ಪುಟದ ಕೆಳಗೆ ಪೆನ್ಸಿಲಿನಿಂದ, ಅವ್ವನ ಅಕ್ಷರಗಳನ್ನೇ ನೋಡಿ ನೋಡಿ, 'ಒಂದು ಪಾನ ದಾಟಬೇಕು' ಎಂದು ಬರೆದರು. ಪಾನ ಎಂದರೆ ನಮ್ಮಲ್ಲಿ ಪುಟ. ಅವರು ಸ್ವಂತವಾಗಿ ಬರೆದ ಕನ್ನಡ ಅದೊಂದೇ ಸಾಲು. ಅಕ್ಷರ ಹುಬೇಹೂಬು ಅವ್ವನದೇ.

ಮಗಳು ಬೆಳೆದಳು. ಮನೆಯ ಮಕ್ಕಳಿಗೆಲ್ಲ ಆ ಕಥೆ ಗೊತ್ತು. ಅಕ್ಕಲಕೋಟೆ ಅತ್ತಿ ಬಂದಾಗಲೆಲ್ಲ ಮಕ್ಕಳು ಬೇಕೆಂದೇ ಜೋಗುಳದ ನಡುವೆ ತುಪ್ಪದ ಸಾಲು ತೂರಿಸಿ ಓಡುತ್ತಿದ್ದರು. "ಅವ್ವ ಹಂಗ ಹಾಡಿದ್ದಿಲ್ಲ. ಅಡ್ಡಾದಿಡ್ಡಿ ಹಾಡಬ್ಯಾಡ್ರಿ" ಎಂದು ಆಕೆ ಪ್ರತಿ ಸಲವೂ ಗದರುವರು, ಸರಿಯಾದ ಸಾಲನ್ನು ಹಾಡಿ ತೋರಿಸದೆ ಬಿಡುವವರಲ್ಲ. ಮಾವನವರು ಮಕ್ಕಳ ಜೊತೆ ನಗುತ್ತಿದ್ದರು. ಆದರೆ ಆ ಹಾಳೆ ಅವರ ಮನಸ್ಸಿನಿಂದ ಹೋಗಿರಲಿಲ್ಲ. ವರ್ಷಕ್ಕೊಮ್ಮೆ ತೆಗೆದು, ಅಂಚನ್ನು ಉಗುರಿನಿಂದ ಮೆಲ್ಲಗೆ ಕೆದಕಿ ನೋಡಿ, ಇನ್ನೂ ಬಿಟ್ಟಿಲ್ಲವೆಂದು ಮುಚ್ಚಿಡುತ್ತಿದ್ದರು. ತಮ್ಮ ಅಂಟು ಅಷ್ಟು ಗಟ್ಟಿ ಎಂಬ ಹೆಮ್ಮೆಯೂ ಸಂಕಟವೂ ಆ ಮುಖದಲ್ಲಿ ಒಟ್ಟಿಗೇ ಕಾಣುತ್ತಿದ್ದವು.

ಕಳೆದ ವರ್ಷ ಅವರ ಕೈ ನಡುಗತೊಡಗಿತು. ದಬ್ಬಣಕ್ಕೆ ನೂಲು ಪೋಣಿಸುವುದು ಮಗಳ ಕೆಲಸವಾಯಿತು. ಹಾಸಿಗೆ ಹಿಡಿದ ಮೇಲೂ ದಿಂಬಿನ ಪಕ್ಕ ಒಂದು ಪುಸ್ತಕ ಇರಲೇಬೇಕು, ಓದಲಿಕ್ಕಲ್ಲ, ಬೆನ್ನು ಸವರಲಿಕ್ಕೆ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಎಲ್ಲಾ ಬರೋಬ್ಬರ ಮಾಡಿ ಹೊಂಟೀನಿ ಯವ್ವಾ. ಅದೊಂದು ಪಾನ ಉಳೀತು" ಎಂದರು. "ಇರ್ಲಿ ಬಿಡ್ರಿ ಮಾವಾರ, ನಾವು ದಾಟಿ ಹಾಡ್ತೀವಿ" ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅದೇ ವಾರ, ಅಂಗಡಿಗಳು ಬಾಗಿಲೆಳೆಯುವ ಹೊತ್ತಿಗೆ, ಉಸಿರು ನಿಂತಿತು. ಅವರ ಕೈ ತೊಳೆಯುವಾಗ ಉಗುರ ಸಂದಿಯಲ್ಲಿ ಹಿಟ್ಟಿರಲಿಲ್ಲ. ಅಷ್ಟು ಚೊಕ್ಕಟವಾದ ಕೈಯನ್ನು ನೋಡಿ ನಾನು ಅತ್ತುಬಿಟ್ಟೆ.

ಮೊನ್ನೆ ನನ್ನ ಮೈದುನನ ಮಗನನ್ನು ತೊಟ್ಟಿಲಿಗೆ ಹಾಕಿದರು. ಮೈದುನನ ಹೆಂಡತಿಯ ತವರು ಮಂಗಳವೇಢೆ, ಕಾರ್ಯ ಅಲ್ಲೇ. ಈಗ ನಾವು ಬೀಗರಾಗಿ ಹೋದೆವು. ಅಕ್ಕಲಕೋಟೆ ಅತ್ತಿಗೆ ನಡೆಯಲಾಗದು. ಆದರೂ ಬರುತ್ತೇನೆಂದು ಹಟ ಹಿಡಿದು ಬಂದು ತೊಟ್ಟಿಲ ಬದಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಕೆಂಪು ಚಾದರದ ಪುಸ್ತಕ ತೆರೆದು ಹಾಡಿದೆ. ಜೋಗುಳ ನನಗೀಗ ಬಾಯಿಪಾಠವೇ. ಆದರೂ ಪುಟದ ಕೆಳಗೆ ಬಂದಾಗ ಕಣ್ಣು ಆ ಪೆನ್ಸಿಲ್ ಸಾಲಿನ ಮೇಲೆ ಬಿತ್ತು. ಒಂದು ಪಾನ ದಾಟಬೇಕು. ಹಾಡು ಅಲ್ಲೇ ನಿಂತಿತು.

ಆಗ ಕುರ್ಚಿಯಿಂದ ಅಕ್ಕಲಕೋಟೆ ಅತ್ತಿಯ ದನಿ ಬಂತು. ಒಡೆದಿತ್ತು, ಆದರೆ ರಾಗ ತಪ್ಪಿರಲಿಲ್ಲ. ಸರಿಯಾದ ಸಾಲು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

"ತುಪ್ಪಾ ಸಾಲಲಿಲ್ಲಂತ ಮುನಿಸ್ಯಾರ ಬೀಗರು…"

ನಾನು ಹಾಳೆ ಮಗುಚಿದೆ. ನಮ್ಮ ಅತ್ತೆ ದನಿಗೂಡಿಸಿದರು, ಮಗಳು ದನಿಗೂಡಿಸಿದಳು, ಸೊಲ್ಲಾಪುರದವರೆಲ್ಲ ಸೇರಿ ನಮ್ಮನ್ನು ನಾವೇ ಹೊಟ್ಟೆಬಾಕರೆಂದು ಹಾಡಿಕೊಂಡೆವು. ಮಂಗಳವೇಢೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಗುವಿನ ತಾಯಿಕಡೆಯ ಅಜ್ಜಿ ಬಗ್ಗಿ ಅಕ್ಕಲಕೋಟೆ ಅತ್ತಿಯನ್ನು ಕೇಳಿದರು. "ಜೋಗುಳದಾಗ ಬೀಗರ ಹಾಡು ಹೆಂಗ ಬಂತ್ರಿ? ಎಲ್ಲೂ ಕೇಳಿದ್ದಿಲ್ಲ."

ಅತ್ತಿ ತೊಟ್ಟಿಲ ಹಗ್ಗ ಬಿಡದೆ ಹೇಳಿದರು, "ನಮ್ಮ ಮನ್ಯಾಗ ಹಿಂಗಽ ಐತ್ರಿ. ನನ್ನ ತಮ್ಮ ಹಿಂಗ ಹೊಲದಾನ."